ಲಾಭ ನಲವತ್ತೊಂದು

ಹೋದ ತಿಂಗಳು ಕೋಲಾರದ ಚಿನ್ನದ ಗಣಿಗಳ ಕಡೆಯಿಂದ ನನಗೊಂದು ಪತ್ರ ಬಂತು. ಬರೆದವರನ್ನು ನಾನು ಕಂಡಿಲ್ಲ. ತಮ್ಮ ಚಿಕ್ಕಪ್ಪ ತೀರಿಕೊಂಡರೆಂದೂ, ಅವರ ಟ್ರಂಕಿನ ತಳದಲ್ಲಿ ಒಂದು ತೂಕದ ಚೀಟಿ ಸಿಕ್ಕಿತೆಂದೂ, ಅದರ ಬೆನ್ನಿಗೆ ನನ್ನ ಹೆಸರು, ಬೈಲಹೊಂಗಲ ಎಂದು ಬರೆದಿತ್ತೆಂದೂ ತಿಳಿಸಿದ್ದರು. ಕೊನೆಗೆ ಒಂದು ಪ್ರಶ್ನೆ: "ಚೀಟಿಯ ನೆತ್ತಿಗೆ ಶ್ರೀ, ಅದರ ಕೆಳಗೆ ಲಾಭ ೪೧ ಎಂದಿದೆ. ಏನಿದು? ಚಿಕ್ಕಪ್ಪ ಇದನ್ನು ಇಷ್ಟು ಜೋಪಾನವಾಗಿ ಇಟ್ಟುಕೊಂಡದ್ದು ಯಾಕೆ?"

ಪತ್ರ ಕಿಟಕಿಯ ಕಟ್ಟೆಯ ಮೇಲೆ ಹಾಗೇ ಬಿದ್ದಿದೆ. ಉತ್ತರ ಗೊತ್ತಿಲ್ಲವೆಂದಲ್ಲ. ಆ ಚೀಟಿ ಬರೆದವನು ನಾನೇ. ಗೊತ್ತಿರುವ ಉತ್ತರ ಬರೆಯಲು ಕೈ ಏಳುತ್ತಿಲ್ಲ, ಅಷ್ಟೆ.

ನಾನು ಬೈಲಹೊಂಗಲದ ಒಂದು ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಇಪ್ಪತ್ತೆಂಟು ವರ್ಷ ಕಾಟಾದ ಮುಂದೆ ಕೂತವನು. ನಮ್ಮಲ್ಲಿ ಎರಡು ಕಾಟಾ ಇದ್ದವು. ಚೀಲ ತೂಗುವ ಸಣ್ಣದೊಂದು, ಹತ್ತಿ ಹೇರಿದ ಚಕ್ಕಡಿಯನ್ನೇ ಹತ್ತಿಸಿ ತೂಗುವ ನೆಲದ ಕಾಟಾ ಒಂದು. ಇಷ್ಟು ವರ್ಷದಲ್ಲಿ ನಾನು ಒಂದೇ ಒಂದು ಸುಳ್ಳು ತೂಕ ಹೇಳಿಲ್ಲ. ರೈತರು ಬೈದಿದ್ದಾರೆ, ವ್ಯಾಪಾರಿಗಳು ಬೈದಿದ್ದಾರೆ, ಇಬ್ಬರೂ ಬೈಯುತ್ತಾರೆಂದರೆ ಕಾಟಾ ಸರಿಯಾಗಿದೆ ಎಂದು ತಿಳಿದು ನೆಮ್ಮದಿಯಿಂದ ಊಟ ಮಾಡಿದ್ದೇನೆ. ಗಾಳಿ, ಗ್ರಹ, ದೆವ್ವ, ಯಾವುದನ್ನೂ ನಂಬಿದವನಲ್ಲ. ಆದ್ದರಿಂದ ಮುಂದೆ ಹೇಳುವುದನ್ನು ನಂಬುವ ಮನುಷ್ಯ ಹೇಳುತ್ತಿದ್ದಾನೆಂದು ಯಾರೂ ತಿಳಿಯಬಾರದು.

ತೀರಿಕೊಂಡ ಆ ಚಿಕ್ಕಪ್ಪನನ್ನು ನಾವು ಫೋರ್ಮನ್‌ರು ಎನ್ನುತ್ತಿದ್ದೆವು. ಹೆಸರು ಹಿಡಿದು ಕರೆದವರನ್ನು ನಾನು ಕೇಳಿಲ್ಲ, ಇಲ್ಲೂ ಅದು ಬೇಡ. ಗಣಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ನವಿಲುತೀರ್ಥದಲ್ಲಿ ಅಣೆಕಟ್ಟು ಏಳುವಾಗ ಅಲ್ಲಿಗೆ ಬಂದವರು. ಅಣೆಕಟ್ಟು ಮುಗಿಯಿತು, ಜೊತೆಯವರೆಲ್ಲ ಗಂಟುಮೂಟೆ ಕಟ್ಟಿದರು, ಇವರು ಮಾತ್ರ ನಮ್ಮ ಫ್ಯಾಕ್ಟರಿಯ ಯಂತ್ರಗಳನ್ನು ನೋಡಿಕೊಳ್ಳಲು ಬಂದು ನಮ್ಮ ಓಣಿಯಲ್ಲೇ ಮನೆ ಹಿಡಿದರು. ಎಪ್ಪತ್ಮೂರೋ ಎಪ್ಪತ್ನಾಲ್ಕೋ ಇರಬೇಕು. ಗಂಡ ಹೆಂಡತಿ ಇಬ್ಬರೇ. ಮಕ್ಕಳಿರಲಿಲ್ಲ.

ತೆಳ್ಳಗೆ, ಉದ್ದಕ್ಕೆ ಇದ್ದರು. ಯಾವ ಬೋಲ್ಟನ್ನೂ ಬಿಗಿಯುವ ಮೊದಲು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟುತ್ತಿದ್ದರು. ಯಾಕೆಂದು ಕೇಳಿದರೆ, "ಹೇಳಿ ಒಳಗೆ ಹೋಗೋದು ಒಳ್ಳೇದಲ್ವೇ ಕಾಟಾ ಸಾಹೇಬ್ರೇ?" ಎನ್ನುವರು. ನನಗೆ ಸಾಹೇಬನೆಂದು ಬಿರುದು ಕೊಟ್ಟವರು ಜಗತ್ತಿನಲ್ಲಿ ಅವರೊಬ್ಬರೇ. ಒಂದು ಗೇಣುದ್ದದ ಕಟ್ಟಿಗೆಯ ಕೋಲಿತ್ತು. ಅದರ ಒಂದು ತುದಿ ಓಡುವ ಯಂತ್ರಕ್ಕೆ, ಇನ್ನೊಂದು ತುದಿ ಕಿವಿಗೆ. ಕಣ್ಣು ಮುಚ್ಚಿ ಕೇಳಿ, ಮೂರನೇ ಬೇರಿಂಗ್ ಹೋಗಿದೆ ಎನ್ನುವರು. ಬಿಚ್ಚಿ ನೋಡಿದರೆ ಮೂರನೆಯದೇ ಹೋಗಿರುತ್ತಿತ್ತು. "ಸರಿಯಾಗಿರೋದು ಸದ್ದು ಮಾಡಲ್ಲ" ಎಂಬುದು ಅವರ ಮಾತು. ಹೆಂಡತಿ ಅದಕ್ಕೆ, "ಹಾಗಾದ್ರೆ ನಾನು ಕೆಟ್ಟಿದೀನಿ ಅಂತಾಯ್ತು" ಎಂದು ನಗುತ್ತಿದ್ದರು. ಆಕೆ ಮಾತಿನ ಮಲ್ಲಿ.

ನನ್ನ ಹೆಂಡತಿಗೆ ಆಕೆ ಜೀವದ ಗೆಳತಿಯಾಗಿಬಿಟ್ಟರು. ಇವಳ ಮಾತು ಆಕೆಗೆ ಅರ್ಧ ತಿಳಿಯದು, ಆಕೆಯದು ಇವಳಿಗೆ ಅರ್ಧ ತಿಳಿಯದು. ಆದರೂ ಬೀಸುವ ಕಲ್ಲಿನ ಹತ್ತಿರ ಕೂತು ಸಂಜೆಯವರೆಗೆ ಮುಗಿಯದಷ್ಟು ಮಾತು. ಒಮ್ಮೆ ಇಬ್ಬರೂ ಬೆಳಿಗ್ಗೆ ಬೆಳಿಗ್ಗೆ ಫ್ಯಾಕ್ಟರಿ ನೋಡಲು ಬಂದರು. ಹತ್ತಿ ಇನ್ನೂ ಬಂದಿರಲಿಲ್ಲ. ಫೋರ್ಮನ್‌ರ ಹೆಂಡತಿ ಚಪ್ಪಲಿ ಬಿಟ್ಟು ಸಣ್ಣ ಕಾಟಾದ ಹಲಗೆಯ ಮೇಲೆ ನಿಂತೇಬಿಟ್ಟರು.

"ತೂಗ್ರಿ ಅಂತಾರ, ತೂಗ್ರೆಲಾ" ಎಂದಳು ನನ್ನ ಹೆಂಡತಿ.

ನಾನು ದಂಡಿಯ ಮೇಲಿನ ಗುಂಡು ಸರಿಸಿ, ಬಾಯಿಗೆ ರೂಢಿಯಾದಂತೆ ಕೂಗಿದೆ: "ಲಾಭಾ, ನಲವತ್ತೊಂದು!"

ನಮ್ಮ ಕಡೆ ತೂಗುವಾಗ ಎಣಿಕೆ ಒಂದರಿಂದ ಶುರುವಾಗುವುದಿಲ್ಲ. ಮೊದಲನೆಯದಕ್ಕೆ ಲಾಭ ಎನ್ನುತ್ತೇವೆ, ಆಮೇಲೆ ಎರಡು, ಮೂರು. ಧಾನ್ಯ ಅಳೆಯುವವರೂ ಹಾಗೇ. ಅದನ್ನು ಆಕೆಗೆ ಹೇಳಿದರೆ ಹಲಗೆಯ ಮೇಲೆ ನಿಂತೇ ನಕ್ಕರು. "ಅಯ್ಯೋ, ನಲವತ್ತೊಂದು ಅಂತ ಇವರಿಗೆ ಹೇಳ್ಬೇಡಿ. ಊಟ ಮಾಡು ಅಂತ ಪ್ರಾಣ ತಿಂತಾರೆ." ಆದರೆ ಬಾಯಿ ನಿಲ್ಲಬೇಕಲ್ಲ, ತಾವೇ ಮನೆಗೆ ಹೋಗಿ ಹೇಳಿದ್ದಾರೆ. ಮರುದಿನ ಫೋರ್ಮನ್‌ರು ನನ್ನ ಮುಂದೆ ನಿಂತು, "ನಲವತ್ತೊಂದೇ ಕಿಲೋನಂತೆ, ನಿಜಾನಾ?" ಎಂದು ಕೇಳಿದರು. ಆ ದಿನ ಅವರ ಮುಖದಲ್ಲಿದ್ದ ಚಿಂತೆ ನನಗೆ ತಮಾಷೆಯಾಗಿ ಕಂಡಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ವರ್ಷದೊಳಗೆ ಆಕೆ ಹೋದರು. ಮಧ್ಯಾಹ್ನ ಎದೆನೋವು ಎಂದರಂತೆ. ಫೋರ್ಮನ್‌ರು ಫ್ಯಾಕ್ಟರಿಯ ಜೀಪು ತಂದು, ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ದೊಡವಾಡದ ಮೇಲಿಂದ ಧಾರವಾಡಕ್ಕೆ ಓಡಿಸಿದರು. ಸುಗ್ಗಿಯ ಕಾಲ, ರಸ್ತೆಯ ತುಂಬ ಹತ್ತಿಯ ಚಕ್ಕಡಿ. ಜೀಪೋ ಮುದುಕ. ದವಾಖಾನೆ ಮುಟ್ಟಲು ಒಂದು ಗಂಟೆ ಹನ್ನೆರಡು ನಿಮಿಷ ಹಿಡಿಯಿತು. ಅಲ್ಲಿನ ಡಾಕ್ಟರು ನಾಡಿ ನೋಡಿ, ಹತ್ತು ನಿಮಿಷ ಮೊದಲು ಬಂದಿದ್ದರೆ ನೋಡಬಹುದಿತ್ತು ಎಂದರಂತೆ. ಪಾಪ, ಯಾವ ಡಾಕ್ಟರೂ ಅನ್ನುವ ಮಾತೇ ಅದು. ಆದರೆ ಕೇಳಿದವರು ಫೋರ್ಮನ್‌ರು. ಅವರಿಗೆ ಹತ್ತು ನಿಮಿಷವೆಂದರೆ ಹತ್ತು ನಿಮಿಷವೇ.

ದಿನಕರ್ಮಗಳು ಮುಗಿದ ಮೇಲೆ ಒಂದು ಭಾನುವಾರ ರಾಮದುರ್ಗಕ್ಕೆ ಹೋಗಿ ಬಂದರು. ಅಲ್ಲಿ ಒಬ್ಬ ವಕೀಲರ ಹಿತ್ತಲ ಕೊಟ್ಟಿಗೆಯಲ್ಲಿ ಬ್ರಿಟಿಷರ ಕಾಲದ ಒಂದು ಸ್ಪೋರ್ಟ್ಸ್ ಕಾರು ಬಿದ್ದಿತ್ತಂತೆ. ಎರಡೇ ಸೀಟಿನದು, ಮೇಲೆ ಛಾವಣಿಯಿಲ್ಲದ್ದು. ಅದನ್ನು ಲಾರಿಯ ಮೇಲೆ ಹೇರಿಸಿ ತಂದು ಮನೆಯ ಅಂಗಳದಲ್ಲಿ ಇಳಿಸಿದಾಗ ಒಳಗಿಂದ ಎರಡು ಕೋಳಿ ಹಾರಿ ಹೊರಬಿದ್ದವು. ಓಣಿಗೆ ಓಣಿಯೇ ನಕ್ಕಿತು. ಮುಂದಿನ ದೀಪ ಒಡೆದಿತ್ತು, ಬಣ್ಣ ಉದುರಿತ್ತು, ಎಡಗಡೆಯ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟು ಗುಂಡಿ ಬಿದ್ದಿತ್ತು.

"ಏನ್ ಮಾಡ್ತೀರಿ ಇದನ್ನ?" ಎಂದು ಕೇಳಿದೆ.

"ರೇಸ್ ಕಾರ್ ಮಾಡ್ತೀನಿ."

ಮದ್ರಾಸಿನ ಕಡೆ ವಿಮಾನ ಇಳಿಯುವ ಹಳೆಯ ಪಟ್ಟಿಯ ಮೇಲೆ ಕಾರುಗಳ ಪಂದ್ಯ ನಡೆಯುತ್ತದೆಂದು ನಾವು ಪೇಪರಿನಲ್ಲಿ ಓದಿದ್ದೆವು. ಅಲ್ಲಿಗೇ ಹೋಗುತ್ತಾರೆ ಎಂದುಕೊಂಡೆವು. ದುಃಖ ಮರೆಯಲು ಮನುಷ್ಯ ಏನಾದರೂ ಹಿಡಿದುಕೊಳ್ಳಬೇಕಲ್ಲ. ಕೆಲವರು ಭಜನೆ ಹಿಡಿಯುತ್ತಾರೆ, ಇವರು ಕಾರು ಹಿಡಿದರು ಎಂದು ನಾನೇ ಕಾಟಾದ ಹತ್ತಿರ ಚೇಷ್ಟೆ ಮಾಡಿದ್ದುಂಟು.

ಆಮೇಲೆ ಒಂದು ಸಂಜೆ ಅವರೇ ನನಗೆ ಬಿಡಿಸಿ ಹೇಳಿದರು. ಮದ್ರಾಸು ಅಲ್ಲ, ಏನೂ ಅಲ್ಲ. ಪಂದ್ಯ ಇಲ್ಲಿಂದ ಧಾರವಾಡದ ದವಾಖಾನೆಗೆ. ಎದುರಾಳಿ ಆ ಜೀಪು.

"ಹತ್ತು ನಿಮಿಷ ಉಳಿಸೂದೇನ್ ದೊಡ್ಡ ಮಾತಲ್ಲ ಬಿಡ್ರಿ. ಯಾವುದರ ಚಲೋ ಮೋಟಾರ್ ತಗೊಂಡು ಹೋದ್ರೂ ಉಳಿತಾವ" ಎಂದೆ.

ಅವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟರು. "ಹತ್ತು ಉಳಿಸಿಕೊಂಡು ಹೋದೆ ಅಂತಿಟ್ಕೊಳ್ಳಿ. ಆಗ ಡಾಕ್ಟ್ರು ಇನ್ನೊಂದು ಹತ್ತು ಅಂದ್ರೆ? ಮೂವತ್ತಾರು ನಿಮಿಷದಲ್ಲಿ ಮುಟ್ಟಬೇಕು. ಸರೀ ಅರ್ಧ. ಅರ್ಧದಲ್ಲಿ ಹೋದ್ರೆ ಯಾರೂ ಏನೂ ಅನ್ನೋಕಾಗಲ್ಲ."

ಆ ರಸ್ತೆ ನನಗೆ ಗೊತ್ತು. ತಗ್ಗು, ತಿರುವು, ಎಮ್ಮೆ, ಚಕ್ಕಡಿ. ಅದರ ಮೇಲೆ ಮೂವತ್ತಾರು ನಿಮಿಷದಲ್ಲಿ ಹೋಗಲು ಹೊರಟವನು ಮರಳಿ ಬರುವ ಯೋಚನೆ ಇಟ್ಟುಕೊಂಡಿರುವುದಿಲ್ಲ. ಆದರೆ ಅವರು ಬಸ್ಸಿನ ವೇಳೆ ಹೇಳುವಷ್ಟು ಶಾಂತವಾಗಿ ಹೇಳಿದ್ದರು. ಚಹಾ ಕುಡಿದು ಎದ್ದು ಬಂದೆ.

ವೇಗ ಬೇಕಾದರೆ ಭಾರ ಇಳಿಯಬೇಕು. ಬಂಪರು, ಗಾಜು, ದೀಪ, ಹಾರ್ನು, ನೆಲಕ್ಕೆ ಹಾಸಿದ್ದ ಕಂಬಳಿ ಎಲ್ಲ ಹೋದವು. ಬಾಗಿಲ ಒಳಗಿನ ಹಲಗೆ ತೆಗೆದು ಬರೀ ತಗಡು ಉಳಿಸಿದರು. ಬೇಡವಾದದ್ದೆಲ್ಲ ಹೋದ ಮೇಲೆ ಉಳಿದದ್ದನ್ನು ತುಂಡು ತುಂಡು ಬಿಚ್ಚಿ, ತೊಳೆದು, ಗೋಣಿಚೀಲಗಳಲ್ಲಿ ಕಟ್ಟಿ, ಚೀಲಕ್ಕೆ ಹಿಡಿಯದ್ದನ್ನು ಹಾಗೇ ಹೇರಿ, ಒಂದು ಬೆಳಿಗ್ಗೆ ಚಕ್ಕಡಿಯಲ್ಲಿ ನನ್ನ ಕಾಟಾಕ್ಕೆ ತಂದರು. ಎಡಗಡೆಯ ಸೀಟೂ ಅದರಲ್ಲಿತ್ತು. "ಇದನ್ನ ಕಡೇಗೆ ತೆಗೀತೀನಿ" ಎಂದರು. ಯಾಕೆ ಕಡೆಗೆ ಎಂದು ನಾನು ಕೇಳಲಿಲ್ಲ.

ಮೊದಲನೇ ಚೀಲ ಹೊತ್ತ ಹಮಾಲ ಯಲ್ಲಪ್ಪ ಕಾಟಾದ ಮೇಲೆ ಅದನ್ನು ಎತ್ತಿ ಹಾಕಿ ಬೈದ. "ಏನ್ ತುಂಬೀರಿ ಫೋರ್ಮನ್ನರ ಇದರಾಗ? ಅಂಗಿ ತುಂಬ ಎಣ್ಣಿ ಆತಲ್ರೀ!"

"ಗೇರ್ ಬಾಕ್ಸ್ ಕಣಪ್ಪಾ, ಮೆಲ್ಲಗೆ" ಎಂದರು ಅವರು.

ಹಾಗೆ ಹನ್ನೆರಡು ತೂಕ ಆದವು. ನೆತ್ತಿಗೆ ಶ್ರೀ ಬರೆದು, ಒಂದರ ಕೆಳಗೊಂದು ತೂಕ ಬರೆದು, ಚೀಟಿ ಹರಿದು ಕೊಟ್ಟೆ. ಕಾರ್ಬನ್ ಪ್ರತಿ ನನ್ನ ಬುಕ್ಕಿನಲ್ಲಿ ಉಳಿಯಿತು. ಮೊತ್ತ ಹಾಕುವ ಕೆಲಸ ಕಾಟಾದವನದಲ್ಲ, ಅದನ್ನು ಪೇಢಿಯ ಲೆಕ್ಕದವರು ಮಾಡುತ್ತಾರೆ. ಫೋರ್ಮನ್‌ರು ತಾವೇ ಕೂಡಿಸಿ, ಅಂಗಳದ ಗೋಡೆಯ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದರು: ಐದುನೂರಾ ತೊಂಬತ್ತು.

ಎರಡು ತಿಂಗಳ ಮೇಲೆ ಕಾರು ಎದ್ದು ನಿಂತಿತು. ಬಣ್ಣವಿಲ್ಲ, ಬರೀ ತಗಡು. ಮಧ್ಯಾಹ್ನದ ಬಿಸಿಲಲ್ಲಿ ಅದನ್ನು ನೋಡಲು ಕಣ್ಣು ಕುಕ್ಕುತ್ತಿತ್ತು. ಎಣ್ಣೆ, ನೀರು, ಪೆಟ್ರೋಲು ಹಾಕುವ ಮೊದಲು ತೂಗಬೇಕೆಂದು ನಾಲ್ಕು ಜನ ನೂಕಿಕೊಂಡು ಬಂದು ನೆಲದ ಕಾಟಾದ ಮೇಲೆ ನಿಲ್ಲಿಸಿದರು. ನಾನು ಗುಂಡು ಸರಿಸಿದೆ.

"ಆರನೂರಾ ಮೂವತ್ತೊಂದು."

"ತಪ್ಪು" ಎಂದರು ಫೋರ್ಮನ್‌ರು.

ನನಗೆ ಸಿಟ್ಟು ಬಂತು. ನನ್ನನ್ನು ಏನಾದರೂ ಅನ್ನಲಿ, ಕಾಟಾಕ್ಕೆ ಅಂದರೆ ನಾನು ಸಹಿಸುವುದಿಲ್ಲ. ಸರಕಾರಿ ಮುದ್ರೆಯ ತೂಕದ ಕಲ್ಲುಗಳನ್ನು ತರಿಸಿ ಅವರೆದುರಿಗೇ ಇಟ್ಟು ತೋರಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮತ್ತೆ ಕಾರು ಹತ್ತಿಸಿದೆವು. ಆರನೂರಾ ಮೂವತ್ತೊಂದು. ಮುಂದು ಹಿಂದು ಮಾಡಿ ತಿರುಗಿಸಿ ನಿಲ್ಲಿಸಿದೆವು. ಅಷ್ಟೇ.

ಅವರು ಕಿಸೆಯಿಂದ ಚೀಟಿ ತೆಗೆದು ಬೆರಳಿಟ್ಟು ಮತ್ತೆ ಕೂಡಿಸಿದರು. ಐದುನೂರಾ ತೊಂಬತ್ತು. ಆಮೇಲೆ ತುಟಿ ಅಲುಗಿಸುತ್ತಾ ಒಂದರಿಂದ ಇನ್ನೊಂದನ್ನು ಕಳೆದರು. ಕಳೆದು ಮುಗಿದಾಗ ಅವರ ಮುಖದ ಮೇಲೆ ಬಂದದ್ದನ್ನು ನಾನು ಮೊದಲು ಕಂಡೆ, ಅದರ ಅರ್ಥ ಆಮೇಲೆ ಹೊಳೆಯಿತು. ಆಕೆಯನ್ನು ತೂಗಿದ ದಿನ ಅಲ್ಲೇ ಇದ್ದ ಯಲ್ಲಪ್ಪನೂ ಬೀಡಿ ಕೆಳಗೆ ಹಾಕಿದ. ಹೆಚ್ಚಿದ್ದದ್ದು ನಲವತ್ತೊಂದು ಕಿಲೋ.

ಫೋರ್ಮನ್‌ರು ನಡೆದು ಕಾರಿನ ಎಡಗಡೆಗೆ ಹೋದರು. ಬಾಗಿಲ ತಗಡಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, ಮನೆಗೆ ನೆಂಟರು ಬಂದದ್ದನ್ನು ತಿಳಿಸುವ ದನಿಯಲ್ಲಿ ಹೇಳಿದರು: "ಬಂದಿದಾಳೆ ಕಣ್ರೀ."

ಅಂದಿನಿಂದ ಎಡಗಡೆಯ ಸೀಟು ತೆಗೆಯುವ ಮಾತು ನಿಂತಿತು. ಕಾರು ಚಾಲೂ ಆಯಿತು. ಫ್ಯಾಕ್ಟರಿಯ ಅಂಗಳದಲ್ಲಿ, ಸವದತ್ತಿ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ ತರುತ್ತಿದ್ದರು. ಹೊರಡುವ ಮೊದಲು ಎಡಗಡೆಯ ಬಾಗಿಲು ತೆಗೆದು ಹಿಡಿದುಕೊಂಡು ನಿಲ್ಲುವರು. ಒಬ್ಬರು ಸೀರೆ ಸರಿಪಡಿಸಿಕೊಂಡು ಕೂರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಆಮೇಲೆ ಮೆಲ್ಲಗೆ ಹಾಕಿ ಈ ಕಡೆ ಬಂದು ತಾವು ಕೂರುವರು. ಮೊದಮೊದಲು ಮುಸಿಮುಸಿ ನಕ್ಕವರು ಒಂದು ವಾರದಲ್ಲಿ ನಗುವುದನ್ನು ಬಿಟ್ಟರು. ಆ ಬಾಗಿಲು ತೆರೆದಿರುವಾಗ ಅದರ ಎದುರಿನಿಂದ ಯಾರೂ ಹಾಯುತ್ತಿರಲಿಲ್ಲ. ನಾನೂ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ನಂಬಿಕೆಯಿಂದಲ್ಲ, ಮರ್ಯಾದೆಗೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಇನ್ನೊಂದು ಸಂಗತಿ. ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದಲ್ಲಿ ಹತ್ತಿಯ ಸಣ್ಣ ಎಳೆ ಗಾಳಿಯಲ್ಲಿ ಸದಾ ತೇಲುತ್ತಿರುತ್ತದೆ. ಬೆಳಿಗ್ಗೆ ನಿಲ್ಲಿಸಿದ ಸೈಕಲ್ಲಿಗೆ ಸಂಜೆಯ ಹೊತ್ತಿಗೆ ಮೀಸೆ ಗಡ್ಡ ಬಂದಿರುತ್ತದೆ. ನಮ್ಮ ಹುಬ್ಬು, ಚಹಾದ ಬಸಿ, ನಾಯಿಯ ಬೆನ್ನು, ಅದು ಕೂರದ ಜಾಗವಿಲ್ಲ. ಫೋರ್ಮನ್‌ರ ಕಾರು ದಿನವಿಡೀ ಅಲ್ಲಿ ಬಿಸಿಲಲ್ಲಿ ನಿಂತಿದ್ದಾಗ ತಗಡಿನ ಮೇಲೆ, ಸ್ಟಿಯರಿಂಗಿನ ಮೇಲೆ, ಬಲಗಡೆಯ ಸೀಟಿನ ಮೇಲೆ ಬೆಳ್ಳಗೆ ಕೂತಿರುತ್ತಿತ್ತು. ಎಡಗಡೆಯ ಸೀಟಿನ ಮೇಲೆ ಮಾತ್ರ ಒಂದೆಳೆಯೂ ಇರುತ್ತಿರಲಿಲ್ಲ. ಅವರು ಒರೆಸುತ್ತಾರೆ ಎಂದುಕೊಂಡೆ. ಆದರೆ ಅವರು ಇಡೀ ದಿನ ಒಳಗೆ ಯಂತ್ರದ ಹತ್ತಿರ ಇದ್ದ ದಿನವೂ ಹಾಗೇ ಇತ್ತು.

ಮನೆಯಲ್ಲಿ ಹೇಳಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಕ್ಕಾರಿಗೆ ಧೂಳಂದ್ರ ಆಗಿಬರತಿದ್ದಿಲ್ರಿ" ಎಂದಳು. ಮತ್ತೆ ಬಡಿಯತೊಡಗಿದಳು.

ಈ ನಡುವೆ ಫೋರ್ಮನ್‌ರು ಒಂದೊಂದೇ ಸಾಮಾನು ಹಂಚತೊಡಗಿದರು. ಹೆಂಡತಿಯ ಹಿತ್ತಾಳೆ ಕೊಡ ನಮ್ಮ ಮನೆಗೆ ಬಂತು. ಕಿವಿಗಿಟ್ಟು ಕೇಳುವ ಕೋಲನ್ನು ಫ್ಯಾಕ್ಟರಿಯ ಗೋಡೆಗೆ ತೂಗುಹಾಕಿ, ಮುಂದೆ ಬರುವ ಫಿಟರಿಗೆ ಬೇಕಾಗುತ್ತದೆ ಎಂದರು. ಮನೆಯ ಯಜಮಾನರಿಗೆ, ತಿಂಗಳ ಕೊನೆಗೆ ಮನೆ ಖಾಲಿ ಎಂದು ಹೇಳಿದ್ದರು. ಎಲ್ಲಿಗೆ ಹೋಗುತ್ತೀರೆಂದು ಕೇಳಿದರೆ ಧಾರವಾಡದ ದಿಕ್ಕಿಗೆ ಗೋಣು ಅಲ್ಲಾಡಿಸುವರು. ಹೊರಡುವ ದಿನ ಗೊತ್ತಾಯಿತು. ಸೋಮವಾರ ಬೆಳಿಗ್ಗೆ.

ಭಾನುವಾರ ಮಧ್ಯಾಹ್ನ ನಾನು ಹಳೆಯ ಬುಕ್ಕುಗಳನ್ನು ವಿಂಗಡಿಸುತ್ತಾ ಕೂತಿದ್ದೆ. ಕಾರಿನ ಚೀಟಿಯ ಕಾರ್ಬನ್ ಪ್ರತಿ ಕೈಗೆ ಬಂತು. ಸುಮ್ಮನೆ ಕೂಡಿಸಿ ನೋಡಿದೆ. ಆರನೂರಾ ಮೂವತ್ತೊಂದು ಬಂತು.

ಮತ್ತೊಮ್ಮೆ ಕೂಡಿಸಿದೆ. ಅಷ್ಟೇ. ಕಾಟಾ ತೋರಿಸಿದ್ದೂ ಅಷ್ಟೇ, ಚೀಟಿಯಲ್ಲಿದ್ದದ್ದೂ ಅಷ್ಟೇ. ಹಾಗಾದರೆ ಐದುನೂರಾ ತೊಂಬತ್ತು ಎಲ್ಲಿಂದ ಬಂತು? ಚೀಟಿಯನ್ನು ಅವರ ಕಣ್ಣಿನಿಂದ ನೋಡಿದಾಗ ತಿಳಿಯಿತು. ನೆತ್ತಿಗೆ ಶ್ರೀ. ಅದರ ಕೆಳಗೆ ಲಾಭ ೪೧. ಅದರ ಕೆಳಗೆ ೨, ೩, ೪ ಎಂದು ಹನ್ನೆರಡರವರೆಗೆ. ನಮ್ಮವರಾದರೆ ಲಾಭ ಎಂದರೆ ಮೊದಲನೇ ಚೀಲ ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಫೋರ್ಮನ್‌ರು ಗಣಿಯವರು. ಸ್ವಾಮಿಗಳ ಹೆಸರಿನ ಹಿಂದೆ ಶ್ರೀ ೧೦೮ ಎಂದು ಬರೆಯುತ್ತಾರಲ್ಲ, ವ್ಯಾಪಾರಿಗಳು ಖಾತೆ ಬುಕ್ಕಿನ ಮೇಲೆ ಶುಭ ಲಾಭ ಎಂದು ಬರೆಯುತ್ತಾರಲ್ಲ, ಇದೂ ಅಂಥದೇ ಒಂದು ಮಂಗಳದ ಸಾಲು ಎಂದು ತಿಳಿದು, ಅದನ್ನು ದೇವರಿಗೆ ಬಿಟ್ಟು, ಎರಡರಿಂದ ಕೂಡಿಸಿದ್ದರು. ಬಿಟ್ಟುಹೋದದ್ದು ಮೊದಲನೇ ಚೀಲ. ಯಲ್ಲಪ್ಪನ ಅಂಗಿಗೆ ಎಣ್ಣೆ ಮಾಡಿದ ಗೇರ್ ಬಾಕ್ಸು.

ಎಡಗಡೆಯ ಸೀಟಿನಲ್ಲಿ ಯಾರೂ ಇರಲಿಲ್ಲ. ಇದ್ದದ್ದು ನನ್ನ ಕೈಬರಹ.

ಆ ಪ್ರತಿಯನ್ನು ಕಿಸೆಯಲ್ಲಿಟ್ಟುಕೊಂಡು ಅವರ ಮನೆಯವರೆಗೆ ಹೋದೆ. ಅವರು ಅಂಗಳದಲ್ಲಿ ಎಡಗಡೆಯ ಸೀಟಿಗೆ ಹೊಸ ದಿಂಬು ಹೊಲಿಯುತ್ತಾ ಕೂತಿದ್ದರು. ದಾರ ಪೋಣಿಸಲು ಕಣ್ಣು ಕಾಣದೆ ಒದ್ದಾಡುತ್ತಿದ್ದರು. ನಾನು ಸೂಜಿ ಇಸಕೊಂಡು ದಾರ ಹಾಕಿಕೊಟ್ಟೆ.

"ರಸ್ತೆ ತುಂಬಾ ಗುಂಡಿ. ಅವಳಿಗೆ ಬೆನ್ನು ನೋಯುತ್ತೆ" ಎಂದರು.

ಕಿಸೆಯೊಳಗಿನ ಕಾಗದ ಕಿಸೆಯಲ್ಲೇ ಉಳಿಯಿತು. ಒಂದೇ ಮಾತು ನನ್ನ ತಲೆಯಲ್ಲಿ ತಿರುಗುತ್ತಿತ್ತು. ಪಕ್ಕದಲ್ಲಿ ಹೆಂಡತಿ ಇದ್ದಾಳೆ ಎಂದು ತಿಳಿದವನು ಅವಳನ್ನು ಕೂರಿಸಿಕೊಂಡು ಮರಕ್ಕೆ ಗುದ್ದುವುದಿಲ್ಲ. ಗೇರ್ ಬಾಕ್ಸು ಎಂದು ತಿಳಿದರೆ ಒಬ್ಬರೇ ಹೋಗುತ್ತಾರೆ. ಒಬ್ಬರೇ ಹೋದರೆ ಬರುವುದಿಲ್ಲ. ಸುಳ್ಳು ತೂಕ ಹೇಳದ ನಾನು ಆ ದಿನ ನಿಜವಾದ ತೂಕವನ್ನು ಮುಚ್ಚಿಟ್ಟೆ.

ಸೋಮವಾರ ಬೆಳಿಗ್ಗೆ ಕಾರು ನಮ್ಮ ಬಾಗಿಲಿಗೆ ಬಂತು. ಹೇಳಿಹೋಗಲು ಬಂದಿದ್ದರು. ನನ್ನ ಹೆಂಡತಿ ಒಳಗಿನಿಂದ ಮೊರದ ತುಂಬ ಸಾಮಾನು ಇಟ್ಟುಕೊಂಡು ಹೊರಬಂದದ್ದನ್ನು ನೋಡಿ ನನಗೆ ದಿಗಿಲಾಯಿತು. ಮನೆಯಿಂದ ಹೊರಡುವ ಮುತ್ತೈದೆಗೆ ಉಡಿ ತುಂಬದೆ ಕಳಿಸುವುದು ನಮ್ಮಲ್ಲಿಲ್ಲ. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣದ ಬೇರು, ಗುಳೇದಗುಡ್ಡದ ಒಂದು ಕುಪ್ಪಸದ ಖಣ.

"ಏನ್ ಮಾಡಾಕತ್ತಿ?" ಎಂದು ಮೆಲ್ಲಗೆ ಗದರಿದೆ.

"ನೀವ್ ಸುಮ್ನಿರ್ರಿ. ಅಕ್ಕಾರು ಆವತ್ತ ಗಡಿಬಿಡಿಯಾಗ ಹಂಗ ಹೋದ್ರು."

ಫೋರ್ಮನ್‌ರು ಇಳಿದು ಎಡಗಡೆಯ ಬಾಗಿಲು ತೆಗೆದು ಹಿಡಿದರು. ಅವಳು ಹೊಸ ದಿಂಬಿನ ಮೇಲೆ ಖಣ ಹಾಸಿ, ಐದು ಬೊಗಸೆ ಅಕ್ಕಿ ಸುರಿದಳು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಅಕ್ಕಿ ಚೆಲ್ಲುತ್ತದೆ ಎಂದುಕೊಂಡೆ, ಆ ದಿಂಬು ಉಬ್ಬಿತ್ತು, ಖಣ ನುಣುಪಾಗಿತ್ತು. ಒಂದು ಕಾಳೂ ಉರುಳಲಿಲ್ಲ. ನಡುವೆ ತಗ್ಗಿನಲ್ಲಿ ಕೂಡಿಕೊಂಡು ನಿಂತಿತು. ಅದರ ಮೇಲೆ ತೆಂಗಿನಕಾಯಿ ಇಟ್ಟು, ಎದುರಿನ ಗಾಳಿಗೆ ಕುಂಕುಮ ಹಚ್ಚುವಂತೆ ಬೆರಳು ಚಾಚಿ, ಅವಳು ಹೇಳಿದಳು: "ಹೋಗಿ ಬರ್ರಿ ಅಕ್ಕಾರ." ಅವಳ ಬೆರಳಿನ ಕುಂಕುಮ ಎಲ್ಲಿ ಬಿತ್ತೋ ನಾನು ನೋಡಲಿಲ್ಲ. ಬೆರಳು ವಾಪಸು ಬಂದಾಗ ತುದಿ ಬರಿದಾಗಿತ್ತು.

ಆ ದಿನ ಕಾಟಾದಲ್ಲಿ ನಾನು ಎಷ್ಟು ತಪ್ಪು ಮಾಡಿದೆನೋ ದೇವರಿಗೇ ಗೊತ್ತು. ದೊಡವಾಡದ ಕಡೆಯಿಂದ ಬಂದ ಪ್ರತಿ ಚಕ್ಕಡಿಯವನನ್ನೂ ಕೇಳಿದೆ. "ತಗಡಿನ ಮೋಟಾರ್ ಕಂಡೀರೇನ್ರಿ?" ಒಬ್ಬ ಮುದುಕ ಕಂಡಿದ್ದ. "ಹೌದ್ರಿ, ಹೊಂಟಿತ್ತು. ಭಾಳ ನಿಧಾನ ಹೊಂಟಿತ್ತು. ಯಪ್ಪಾ, ಗಂಡಾ ಹೆಂಡ್ತಿ ಇಬ್ಬರ ಕುಂತು ಅಷ್ಟ ಸಾವಕಾಶ ಹೋಗಾಕ ಮೋಟಾರ್ ಯಾಕ ಬೇಕು, ನಮ್ಮ ಚಕ್ಕಡಿ ಸಾಲದ?" ಎಂದು ನಕ್ಕ. ನನಗೆ ನಗು ಬರಲಿಲ್ಲ. ಗಂಡ ಹೆಂಡತಿ ಎಂದು ನಾನು ಅವನಿಗೆ ಹೇಳಿರಲಿಲ್ಲ.

ಹೊತ್ತು ಇಳಿಯುವ ಮೊದಲೇ ಕಾರು ಫ್ಯಾಕ್ಟರಿಯ ಗೇಟಿನೊಳಗೆ ಬಂತು. ಫೋರ್ಮನ್‌ರೇ ಓಡಿಸಿಕೊಂಡು ಬಂದರು. ನಾನು ಎದ್ದು ಓಡಿದೆ. ವಯಸ್ಸಿಗೆ ತಕ್ಕ ಓಟವಲ್ಲ ಅದು, ಚಪ್ಪಲಿ ಎಲ್ಲಿ ಬಿಟ್ಟೆನೋ ನೆನಪಿಲ್ಲ. ಜೀವಂತ ಮನುಷ್ಯನನ್ನು ಕಂಡು ಅಷ್ಟು ಸಂತೋಷ ನನಗೆ ಮತ್ತೆಂದೂ ಆಗಿಲ್ಲ.

"ಎಷ್ಟು ನಿಮಿಷ ಆತ್ರಿ?"

"ಗಡಿಯಾರ ನೋಡಲೇ ಇಲ್ಲ" ಎಂದರು. ಇಳಿದು ನಿಂತು ಮುಖ ಒರೆಸಿಕೊಂಡರು. "ದೊಡವಾಡದ ಹತ್ರ ಕಾಲು ಒತ್ತಿದೆ ಕಣ್ರೀ. ಗಾಡಿ ನೆಗೀತು. 'ರೀ' ಅಂದಳು. ಅಷ್ಟೇ ಅಂದಿದ್ದು. ಕಾಲು ತೆಗೆದೆ. ಆಮೇಲೆ ದಾರಿಯುದ್ದಕ್ಕೂ ಮೆಲ್ಲಗೇ ಹೋದ್ವಿ. ದವಾಖಾನೆ ಮುಂದೆ ನಿಲ್ಲಿಸಿ ಬಾಗಿಲು ತೆಗೆದೆ. ಇಳಿದಳು."

ಎಡಗಡೆಯ ಸೀಟು ನೋಡಿದೆ. ಖಣವಿಲ್ಲ, ಅಕ್ಕಿಯಿಲ್ಲ, ಕಾಯಿಯಿಲ್ಲ. ನಾನು ನೋಡುತ್ತಿರುವಂತೆಯೇ ಅಂಗಳದ ಗಾಳಿಯಲ್ಲಿ ತೇಲಿ ಬಂದ ಹತ್ತಿಯ ಒಂದೆಳೆ ದಿಂಬಿನ ಮೇಲೆ ಇಳಿದು ಕೂತಿತು.

"ಒಂದ್ಸಲ ತೂಗಿಬಿಡಿ" ಎಂದರು.

ಬೇಡವೆನ್ನಲು ನಾನು ಎಷ್ಟೋ ನೆಪ ಹೇಳಿದೆ. ಆರನೂರಾ ಮೂವತ್ತೊಂದು ಬರುತ್ತದೆ ಎಂದು ನನಗೊಬ್ಬನಿಗೇ ಗೊತ್ತಿತ್ತು. ಅದು ಬಂದರೆ ಆಕೆ ಇಳಿದಿಲ್ಲ ಎಂದಾಗುತ್ತದೆ, ಇವರು ಮತ್ತೆ ಹೊರಡುತ್ತಾರೆ. ಅವರು ಕೇಳಲಿಲ್ಲ. ಕಾರು ಆರುವವರೆಗೆ ಕಾದು, ಪೆಟ್ರೋಲು, ನೀರು, ಎಣ್ಣೆ ಎಲ್ಲ ಬಸಿದು, ಮೊದಲಿನ ಹಾಗೇ ನೂಕಿ ಕಾಟಾದ ಮೇಲೆ ನಿಲ್ಲಿಸಿದರು. ನಾನು ಗುಂಡನ್ನು ಆರನೂರಾ ಮೂವತ್ತೊಂದಕ್ಕೇ ಇಟ್ಟು ಕೈಬಿಟ್ಟೆ. ದಂಡಿ ಏಳಲಿಲ್ಲ. ಹಿಂದೆ ಸರಿಸಿದೆ, ಇನ್ನೂ ಹಿಂದೆ ಸರಿಸಿದೆ.

ಐದುನೂರಾ ತೊಂಬತ್ತಕ್ಕೆ ದಂಡಿ ನೆಟ್ಟಗೆ ನಿಂತಿತು.

ಫೋರ್ಮನ್‌ರು ಕಣ್ಣು ಮುಚ್ಚಿ ತಲೆಯಾಡಿಸಿದರು. ಅವರಿಗೆ ಅದು ಬರಬೇಕಾದ ತೂಕ. ನಾನು ನೆಲಕ್ಕೆ ಕೂತು ಕಾರಿನ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದೆ. ಗೇರ್ ಬಾಕ್ಸು ಅಲ್ಲೇ ಇತ್ತು. ಇರದೆ ಏನು, ಧಾರವಾಡಕ್ಕೆ ಹೋಗಿ ಬಂದ ಗಾಡಿ ಅದು. ಮುದ್ರೆಯ ಕಲ್ಲು ತರಿಸಿ ಇಟ್ಟೆ. ಕಾಟಾ ಸರಿಯಾಗಿತ್ತು. ಯಲ್ಲಪ್ಪ ನನ್ನನ್ನು ಹಿಡಿದು ಎಬ್ಬಿಸಿ ನೀರು ಕುಡಿಸಿದ.

ಮನೆಗೆ ಬಂದು ಫೋರ್ಮನ್‌ರು ಚಹಾ ಕುಡಿದರು. ಎಷ್ಟೋ ತಿಂಗಳ ಮೇಲೆ ಎರಡನೇ ಬಸಿ ಕೇಳಿದರು. ನನ್ನ ಹೆಂಡತಿ ಉಡಿ ಏನಾಯಿತೆಂದು ಕೇಳಿದ್ದಕ್ಕೆ, "ತಗೊಂಡೇ ಇಳಿದಳಮ್ಮಾ" ಎಂದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಆಮೇಲೆ ಅವರು ಕಿಸೆಯಿಂದ ಆ ಹಳೆಯ ಚೀಟಿ ತೆಗೆದು ನನ್ನ ಮುಂದೆ ಹಿಡಿದರು. ಎಣ್ಣೆ ಹತ್ತಿ ಮೆತ್ತಗಾಗಿತ್ತು.

"ಕಾಟಾ ಸಾಹೇಬ್ರೇ, ಯಾವಾಗಲೂ ಕೇಳಬೇಕು ಅಂತಿದ್ದೆ. ಈ ಲಾಭ ಅಂತ ಮೇಲೆ ಬರೀತೀರಲ್ಲ, ಏನದು?"

ನನ್ನ ಕಿಸೆಯಲ್ಲಿ ಅದರ ಪ್ರತಿ ಇನ್ನೂ ಇತ್ತು.

"ದೇವರ ಹೆಸರ್ರಿ ಅದು" ಎಂದೆ.

"ಹಾಗೇ ಅಂದ್ಕೊಂಡಿದ್ದೆ" ಎಂದು ಚೀಟಿಯನ್ನು ಮಡಚಿ ಇಟ್ಟುಕೊಂಡರು.

ಅವರು ತಿಂಗಳ ಕೊನೆಗೆ ತಮ್ಮ ಊರಿಗೆ ಹೊರಟುಹೋದರು. ಬಸ್ಸಿನಲ್ಲಿ, ಎಲ್ಲರ ಹಾಗೆ. ಕಾರನ್ನು ಬಿಚ್ಚಿ ಎಂಜಿನ್ನನ್ನು ಕಿತ್ತೂರಿನ ಒಬ್ಬ ಹಿಟ್ಟಿನ ಗಿರಣಿಯವನಿಗೆ ಕೊಟ್ಟರು. ಅದರಲ್ಲಿ ಬೀಸಿದ ಜೋಳದ ಹಿಟ್ಟು ಬಹಳ ನುಣ್ಣಗೆ ಬರುತ್ತದೆಂದು ಆಮೇಲೆ ಕೇಳಿದೆ. ಗೇರ್ ಬಾಕ್ಸು ಗಿರಣಿಗೆ ಬೇಕಾಗಿರಲಿಲ್ಲ. ಅದು ಬಹಳ ದಿನ ಅವರ ಅಂಗಳದಲ್ಲೇ ಬಿದ್ದಿತ್ತು. ಯಲ್ಲಪ್ಪನಿಗೆ ಹೇಳಿ ಹೊತ್ತು ತರಿಸಿ ಒಮ್ಮೆ ತೂಗಬೇಕೆಂದು ನಾನು ದಿನಾ ಅಂದುಕೊಳ್ಳುತ್ತಿದ್ದೆ. ಕಾಟಾ ಅಲ್ಲೇ ಇತ್ತು, ಹಮಾಲ ಅಲ್ಲೇ ಇದ್ದ. ತೂಗಲು ಧೈರ್ಯ ಬರಲಿಲ್ಲ. ಒಂದು ದಿನ ಹಳೇ ಕಬ್ಬಿಣ ಕೊಳ್ಳುವ ಮೋಡಕಾ ಸಾಮಾನಿನವನು ಹೊತ್ತುಕೊಂಡು ಹೋದ.

ಇವತ್ತು ಬೆಳಿಗ್ಗೆ ಕೊನೆಗೂ ಕಾರ್ಡು ತೆಗೆದುಕೊಂಡು ಕೂತೆ. ಮೊದಲ ಚೀಲ, ಗೇರ್ ಬಾಕ್ಸು, ನಮ್ಮ ಕಡೆಯ ಎಣಿಕೆಯ ರೂಢಿ, ಎಲ್ಲ ವಿವರವಾಗಿ ಬರೆಯಬೇಕೆಂದೇ ಕೂತದ್ದು. ಇಪ್ಪತ್ತೆಂಟು ವರ್ಷ ಕಾಟಾದ ಮುಂದೆ ಕೂತವನು ಸುಳ್ಳು ಬರೆಯಬಾರದು. ನೆತ್ತಿಗೆ ಶ್ರೀ ಬರೆದೆ. ಚೀಟಿಯನ್ನು ಎಸೆಯಬೇಡಿ ಎಂದು ಬರೆದೆ. ಅದರ ಕೆಳಗೆ, ನನಗೆ ತಿಳಿದ ಮಟ್ಟಿಗೆ ನಿಜವಾದದ್ದನ್ನೇ ಬರೆದೆ: ಲಾಭ ನಲವತ್ತೊಂದು ಎಂದರೆ ನಿಮ್ಮ ಚಿಕ್ಕಮ್ಮನವರ ತೂಕ.